ಫೈಲ್ ನಿಮ್ಮದೇ, ಆದರೂ 'ಪರ್ಮಿಷನ್ ಡಿನೈಡ್': ವಿಂಡೋಸ್ ಪಾತ್, ಲಿನಕ್ಸ್ ಪಾತ್ ಬೆರೆತಾಗ ಹುಡುಕುವ ಬಗೆ

ಪುಣೆಯ ಹಿಂಜವಡಿ, ಖರಾಡಿ, ಮಗರಪಟ್ಟಾ ಕಡೆಯ ಆಫೀಸುಗಳಲ್ಲಿ ಬೆಳಗಾವಿ, ವಿಜಯಪುರ, ಕಲಬುರಗಿಯಿಂದ ಬಂದವರು ತುಂಬಾ ಜನ ಇದ್ದಾರೆ. ಕೈಗೆ ಸಿಗುವ ಲ್ಯಾಪ್‌ಟಾಪ್ ಹೆಚ್ಚಾಗಿ ವಿಂಡೋಸ್. ಕೋಡ್ ಓಡುವುದು ಲಿನಕ್ಸ್ ಸರ್ವರ್ ಮೇಲೆ. ನಡುವೆ ವಿಂಡೋಸ್ ಮೇಲೆಯೇ ಲಿನಕ್ಸ್ ಬಗೆಯ ಕಮಾಂಡ್ ಓಡಿಸಲು ಬಿಡುವ ಡಬ್ಲ್ಯುಎಸ್‌ಎಲ್, ಗಿಟ್ ಬ್ಯಾಶ್, ಸಿಗ್‌ವಿನ್ ಇವುಗಳಲ್ಲಿ ಯಾವುದೋ ಒಂದು ಇರುತ್ತದೆ. ಹೊಸಬರು ಪಕ್ಕದ ಸೀಟಿಗೆ ಬಂದು ಹೇಳುವ ಮಾತೂ ಹೆಚ್ಚುಕಡಿಮೆ ಒಂದೇ: "ಅಕ್ಕಾ, ಫೈಲ್ ನಂದೇ ಐತ್ರಿ. ಆದ್ರೂ ಪರ್ಮಿಷನ್ ಡಿನೈಡ್ ಅನ್ನಾಕತ್ತೈತಿ."

ಆಗ ಹೆಚ್ಚಿನವರು ಮೊದಲು ಎಲ್ಲರಿಗೂ ಎಲ್ಲ ಅನುಮತಿ ಕೊಡುವ 'ಸಿಎಚ್‌ಮಾಡ್ 777' ಹೊಡೆಯುತ್ತಾರೆ. ಅದು ಕೆಲಸ ಮಾಡದಿದ್ದರೆ ಮುಂದೆ 'ಸುಡೊ' (ಆಡಳಿತಗಾರನ ಹಕ್ಕಿನಿಂದ ಓಡಿಸುವ ಕಮಾಂಡ್) ಸೇರಿಸುತ್ತಾರೆ. ಇವೆರಡನ್ನೂ ಮೊದಲ ಮದ್ದಾಗಿ ಬಳಸಬೇಡಿ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ವಿಂಡೋಸ್ ಮತ್ತು ಲಿನಕ್ಸ್ ಬೆರೆತ ಕಡೆ 'ಬೇಡ' ಎನ್ನುವವರು ಇಬ್ಬರು. ಯಾರು ಬೇಡ ಎಂದರು ಅಂತ ಗೊತ್ತಾಗದೆ ಏನು ಮಾಡಿದರೂ ಅದು ಕತ್ತಲಲ್ಲಿ ಕೈಯಾಡಿಸಿದಂತೆ. ಇಲ್ಲಿರುವ ಹೆಜ್ಜೆಗಳೆಲ್ಲ ಆ ಒಂದು ಪ್ರಶ್ನೆಗೆ ಉತ್ತರ ಹುಡುಕಲು.

ಕಮಾಂಡ್‌ಗಳನ್ನು ಇಲ್ಲಿ ಓದುವ ಹಾಗೆ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ. ದೊಡ್ಡಕ್ಷರ ಬೇಕಾದ ಕಡೆ ಹೇಳಿದ್ದೇನೆ.

ಹೆಜ್ಜೆ 1: ನೀವು ಯಾವ ಶೆಲ್‌ನಲ್ಲಿದ್ದೀರಿ?

ಶೆಲ್ ಎಂದರೆ ನೀವು ಟೈಪ್ ಮಾಡಿದ ಕಮಾಂಡ್ ಓದಿ ಓಡಿಸುವ ಪ್ರೋಗ್ರಾಂ. ಅದರ ಕಪ್ಪು ಕಿಟಕಿಗಳೆಲ್ಲ ನೋಡಲು ಒಂದೇ ತರಹ. ಅದಕ್ಕೇ ಮೊದಲು 'ಯುನೇಮ್ -ಎ' ಕೊಡಿ. ಉತ್ತರದಲ್ಲಿ ಲಿನಕ್ಸ್ ಜೊತೆಗೆ ಮೈಕ್ರೋಸಾಫ್ಟ್ ಎಂಬ ಪದ ಕಂಡರೆ ಅದು ಡಬ್ಲ್ಯುಎಸ್‌ಎಲ್. ಮಿಂಗ್‌ಡಬ್ಲ್ಯು ಎಂದು ಶುರುವಾದರೆ ಗಿಟ್ ಬ್ಯಾಶ್. ಸಿಗ್‌ವಿನ್ ಎಂದಿದ್ದರೆ ಸಿಗ್‌ವಿನ್.

ಇದು ಯಾಕೆ ಮುಖ್ಯ ಅಂದರೆ, ವಿಂಡೋಸ್‌ನ ಒಂದೇ ಫೋಲ್ಡರ್‌ಗೆ ಇವು ಮೂರೂ ಬೇರೆ ಬೇರೆ ಹೆಸರು ಕೊಡುತ್ತವೆ. ವಿಂಡೋಸ್‌ನಲ್ಲಿ ಸಿ:\ಯೂಸರ್ಸ್ ಎಂಬುದು ಡಬ್ಲ್ಯುಎಸ್‌ಎಲ್‌ನಲ್ಲಿ /ಎಂಎನ್‌ಟಿ/ಸಿ/ಯೂಸರ್ಸ್. ಗಿಟ್ ಬ್ಯಾಶ್‌ನಲ್ಲಿ /ಸಿ/ಯೂಸರ್ಸ್. ಸಿಗ್‌ವಿನ್‌ನಲ್ಲಿ /ಸಿಗ್‌ಡ್ರೈವ್/ಸಿ/ಯೂಸರ್ಸ್. ಒಬ್ಬರು ಗಿಟ್ ಬ್ಯಾಶ್‌ಗಾಗಿ ಬರೆದ ಸ್ಕ್ರಿಪ್ಟನ್ನು ಇನ್ನೊಬ್ಬರು ಡಬ್ಲ್ಯುಎಸ್‌ಎಲ್‌ನಲ್ಲಿ ಓಡಿಸಿದರೆ /ಸಿ ಎಂಬ ಫೋಲ್ಡರೇ ಅಲ್ಲಿಲ್ಲ. ಸ್ಕ್ರಿಪ್ಟ್ ಅದನ್ನು ಹೊಸದಾಗಿ ಮಾಡಲು ಹೋಗುತ್ತದೆ. ರೂಟ್ (ಎಲ್ಲಕ್ಕಿಂತ ಮೇಲಿನ ಫೋಲ್ಡರ್) ಕೆಳಗೆ ಫೋಲ್ಡರ್ ಮಾಡಲು ಸಾಮಾನ್ಯ ಬಳಕೆದಾರನಿಗೆ ಅನುಮತಿ ಇಲ್ಲ. ಹಾಗಾಗಿ ಪರದೆ ಮೇಲೆ 'ಪರ್ಮಿಷನ್ ಡಿನೈಡ್' ಬರುತ್ತದೆ. ನಿಜವಾದ ತಪ್ಪು ಪಾತ್‌ನಲ್ಲಿ, ಅಂದರೆ ಫೈಲಿನ ವಿಳಾಸದಲ್ಲಿದೆ, ಅನುಮತಿಯಲ್ಲಿ ಅಲ್ಲ.

ಪಾತ್ ಬದಲಿಸಲು ಕೈಯಿಂದ ತಿದ್ದಬೇಡಿ. ಡಬ್ಲ್ಯುಎಸ್‌ಎಲ್‌ನಲ್ಲಿ 'ಡಬ್ಲ್ಯುಎಸ್‌ಎಲ್‌ಪಾತ್', ಗಿಟ್ ಬ್ಯಾಶ್ ಮತ್ತು ಸಿಗ್‌ವಿನ್‌ನಲ್ಲಿ 'ಸಿಗ್‌ಪಾತ್' ಇದೆ. '-ಯು' ಕೊಟ್ಟರೆ ಯುನಿಕ್ಸ್ (ಲಿನಕ್ಸ್ ಅನುಸರಿಸುವ ಹಳೆಯ ವ್ಯವಸ್ಥೆ) ರೂಪ, '-ಡಬ್ಲ್ಯು' ಕೊಟ್ಟರೆ ವಿಂಡೋಸ್ ರೂಪ. '-ಎಂ' ಕೊಟ್ಟರೆ ವಿಂಡೋಸ್ ರೂಪವೇ, ಆದರೆ ಮುಂದಕ್ಕೆ ವಾಲಿದ ಗೆರೆಗಳೊಂದಿಗೆ ಬರುತ್ತದೆ. ಈ ಮೂರನೆಯದು ತುಂಬಾ ಉಪಯೋಗಿ. ಸಿ:/ಕೆಲಸ/ವರದಿ ಎಂಬ ರೂಪವನ್ನು ಹೆಚ್ಚಿನ ವಿಂಡೋಸ್ ಪ್ರೋಗ್ರಾಂಗಳು ಒಪ್ಪುತ್ತವೆ, ಬ್ಯಾಶ್‌ಗೂ ಅದರಿಂದ ತೊಂದರೆ ಇಲ್ಲ.

ಹೆಜ್ಜೆ 2: ಬ್ಯಾಕ್‌ಸ್ಲ್ಯಾಶ್ ಎಲ್ಲಿ ಹೋಯಿತು ನೋಡಿ

ವಿಂಡೋಸ್‌ಗೂ ಮುಂಚಿನ ಮೈಕ್ರೋಸಾಫ್ಟ್ ವ್ಯವಸ್ಥೆಯಾದ ಡಾಸ್‌ನ ಮೊದಲ ಆವೃತ್ತಿಯಲ್ಲಿ ಫೋಲ್ಡರ್‌ಗಳೇ ಇರಲಿಲ್ಲ. 1983ರಲ್ಲಿ ಬಂದ 2.0 ಆವೃತ್ತಿಯಲ್ಲಿ ಅವು ಬಂದಾಗ ಸ್ಲ್ಯಾಶ್ ಆಗಲೇ ಕಮಾಂಡ್‌ಗಳ ಆಯ್ಕೆ ಸೂಚಿಸಲು ಬಳಕೆಯಲ್ಲಿತ್ತು. ಹಾಗಾಗಿ ಪಾತ್‌ಗೆ ಬ್ಯಾಕ್‌ಸ್ಲ್ಯಾಶ್ ಬಂತು. ಯುನಿಕ್ಸ್ ಶೆಲ್‌ಗಳಲ್ಲಿ ಅದೇ ಬ್ಯಾಕ್‌ಸ್ಲ್ಯಾಶ್‌ಗೆ ಬೇರೆ ಕೆಲಸ ಇದೆ: ಮುಂದಿನ ಅಕ್ಷರದ ವಿಶೇಷ ಅರ್ಥ ತೆಗೆಯುವುದು. ಇಂದಿನ ಅರ್ಧ ಗೊಂದಲದ ಬೇರು ಇಲ್ಲೇ ಇದೆ.

ಬ್ಯಾಶ್‌ನಲ್ಲಿ ಸಿ:\ಕೆಲಸ\ವರದಿ ಎಂದು ಸುಮ್ನೆ ಬರೆದರೆ ಶೆಲ್ ಅದನ್ನು ಸಿ:ಕೆಲಸವರದಿ ಎಂದು ಓದುತ್ತದೆ. ಒಂಟಿ ಉದ್ಧರಣ ಚಿಹ್ನೆಯೊಳಗೆ ಇಟ್ಟರೆ ಉಳಿಯುತ್ತದೆ. ಹೆಸರಿನಲ್ಲಿ ಖಾಲಿ ಜಾಗ ಇದ್ದರೂ ಅಷ್ಟೇ, ಉದ್ಧರಣ ಚಿಹ್ನೆ ಬೇಕೇ ಬೇಕು. ವಿಂಡೋಸ್ ಬಳಕೆದಾರನ ಹೆಸರೇ 'ಹೆಸರು ಅಡ್ಡಹೆಸರು' ಎಂದು ಎರಡು ಪದವಾಗಿದ್ದರೆ ಇದು ದಿನಾ ಕಾಡುತ್ತದೆ. ಪೈಥಾನ್‌ನಲ್ಲಿ ಬ್ಯಾಕ್‌ಸ್ಲ್ಯಾಶ್ ಮುಂದೆ ಟಿ ಅಕ್ಷರ ಬಂದರೆ ಟ್ಯಾಬ್, ಎನ್ ಬಂದರೆ ಹೊಸ ಸಾಲು. ಹಾಗಾಗಿ ಅಲ್ಲಿ ಪಾತ್‌ಗೆ ಮುಂದಕ್ಕೆ ವಾಲಿದ ಗೆರೆ ಬಳಸಿ, ಇಲ್ಲವೇ 'ಪಾತ್‌ಲಿಬ್' ಬಳಸಿ.

ವಿಂಡೋಸ್ ಪಾತ್ ಇರುವ ಸ್ಕ್ರಿಪ್ಟ್ ಲಿನಕ್ಸ್ ಸರ್ವರ್‌ಗೆ ಹೋದಾಗ ಇನ್ನೊಂದು ಬಗೆಯ ತೊಂದರೆ ಕಾಣುತ್ತದೆ. ಅಲ್ಲಿ ಎರರ್ ಬರದೇ ಇರಬಹುದು. ಲಿನಕ್ಸ್‌ಗೆ ಬ್ಯಾಕ್‌ಸ್ಲ್ಯಾಶ್ ಕೂಡ ಹೆಸರಿನ ಒಂದು ಅಕ್ಷರ ಅಷ್ಟೇ. ಹಾಗಾಗಿ 'ಡೇಟಾ\ವರದಿ' ಎಂಬ ಇಡೀ ಹೆಸರಿನ ಒಂದೇ ಫೈಲ್ ಹುಟ್ಟುತ್ತದೆ. ಬರೆದ ಫೈಲ್ ಕಾಣಿಸುತ್ತಿಲ್ಲ ಎಂದು ಯಾರಾದರೂ ಹೇಳಿದರೆ ಮೊದಲು ಇದನ್ನು ನೋಡಿ.

ಪೈಥಾನ್ ಬಳಸುವವರು ಇದನ್ನೂ ನೆನಪಿಡಿ: ವಿಂಡೋಸ್‌ನಲ್ಲಿ ಫೈಲ್ ಬದಲು ಫೋಲ್ಡರ್‌ನ ಪಾತ್ ಕೊಟ್ಟು ತೆರೆಯಲು ಹೋದರೆ ಬರುವುದು ಪರ್ಮಿಷನ್ ಎರರ್, ಸಂಖ್ಯೆ 13. ಅದೇ ಕೋಡ್ ಲಿನಕ್ಸ್‌ನಲ್ಲಿ 'ಇದು ಫೋಲ್ಡರ್' ಎಂದು ನೇರವಾಗಿ ಹೇಳುತ್ತದೆ.

ಗಿಟ್ ಬ್ಯಾಶ್ ತಾನಾಗಿಯೇ ಪಾತ್ ಬದಲಿಸುತ್ತದೆ ಎಂಬುದು ತುಂಬಾ ಜನರಿಗೆ ಗೊತ್ತಿರುವುದಿಲ್ಲ. ವಿಂಡೋಸ್ ಪ್ರೋಗ್ರಾಂ ಒಂದಕ್ಕೆ ಸ್ಲ್ಯಾಶ್‌ನಿಂದ ಶುರುವಾಗುವ ಮಾತು ಕೊಟ್ಟರೆ, ಅದನ್ನು ಪಾತ್ ಎಂದುಕೊಂಡು ವಿಂಡೋಸ್ ರೂಪಕ್ಕೆ ತಿರುಗಿಸುತ್ತದೆ. ನೀವು /ಔಟ್‌ಪುಟ್ ಎಂದರೆ ಪ್ರೋಗ್ರಾಂಗೆ ತಲುಪುವುದು ಸಿ:/ಪ್ರೋಗ್ರಾಂ ಫೈಲ್ಸ್/ಗಿಟ್/ಔಟ್‌ಪುಟ್. ಪ್ರೋಗ್ರಾಂ ಫೈಲ್ಸ್ ಒಳಗೆ ಬರೆಯಲು ಅಡ್ಮಿನ್ ಆಗಿರಬೇಕು, ಅಲ್ವಾ? ಅದಕ್ಕೇ 'ಡಿನೈಡ್'. ಫೈಲ್ ಪಾತ್ ಆದರೆ 'ಸಿಗ್‌ಪಾತ್ -ಎಂ' ಕೊಟ್ಟ ಪೂರ್ತಿ ರೂಪ ಬಳಸಿ. ಡಾಕರ್ ಕಂಟೇನರ್ ಒಳಗಿನ ಪಾತ್ ಆಗಿದ್ದು ಅದನ್ನು ಮುಟ್ಟಲೇಬಾರದು ಎಂದಿದ್ದರೆ, ಕಮಾಂಡ್‌ನ ಮುಂದೆ 'ಎಂಸಿಸ್_ನೋ_ಪಾತ್‌ಕಾನ್ವ್=1' ಸೇರಿಸಿ. ಈ ಹೆಸರನ್ನು ದೊಡ್ಡಕ್ಷರದಲ್ಲಿ ಬರೆಯಬೇಕು. ಮೊದಲ ಭಾಗದ ಅಕ್ಷರಗಳು ಎಂ, ಎಸ್, ವೈ, ಎಸ್.

ಹೆಜ್ಜೆ 3: ಬೇಡ ಎಂದವರು ಯಾರು?

ಪಾತ್ ಸರಿ ಇದೆ ಎಂದು ಖಾತ್ರಿಯಾದ ಮೇಲೆ ಈ ಪರೀಕ್ಷೆ ಮಾಡಿ. ಅದೇ ಫೈಲನ್ನು ವಿಂಡೋಸ್‌ನ ನೋಟ್‌ಪ್ಯಾಡ್‌ನಲ್ಲಿ ತೆರೆದು, ಏನಾದರೂ ಒಂದಕ್ಷರ ಸೇರಿಸಿ ಸೇವ್ ಮಾಡಿ, ಆಮೇಲೆ ಅದನ್ನು ತೆಗೆದುಹಾಕಿ. ಅಲ್ಲೂ ಆಗದಿದ್ದರೆ ಬೇಡ ಎಂದದ್ದು ವಿಂಡೋಸ್. ಅಲ್ಲಿ ಆಗಿ ಇಲ್ಲಿ ಆಗದಿದ್ದರೆ ಯುನಿಕ್ಸ್ ಕಡೆಯ ಲೆಕ್ಕ ನೋಡಬೇಕು.

ಎರಡರ ಲೆಕ್ಕವೂ ಬೇರೆ. ಯುನಿಕ್ಸ್‌ನಲ್ಲಿ ಒಡೆಯ, ಗುಂಪು, ಉಳಿದವರು ಎಂದು ಮೂರು ಪಾಲು. ಓದಲು 4, ಬರೆಯಲು 2, ಓಡಿಸಲು 1. ಕೂಡಿಸಿದರೆ 644, 755 ಇಂಥ ಸಂಖ್ಯೆ. ವಿಂಡೋಸ್‌ನ ಎನ್‌ಟಿಎಫ್‌ಎಸ್‌ನಲ್ಲಿ (ಡಿಸ್ಕ್ ಮೇಲೆ ಫೈಲ್ ಇಡುವ ವ್ಯವಸ್ಥೆ) ಪ್ರತಿ ಫೈಲಿಗೂ ಒಂದು ಪಟ್ಟಿ ಇರುತ್ತದೆ. ಯಾರಿಗೆ ಬಿಡಬೇಕು, ಯಾರಿಗೆ ಬಿಡಬಾರದು ಎಂದು ಅದರಲ್ಲಿ ಒಂದೊಂದೇ ಸಾಲು. ಮೇಲಿನ ಫೋಲ್ಡರ್‌ನಿಂದ ಇಳಿದು ಬಂದ ಸಾಲುಗಳೂ ಅದರಲ್ಲಿ ಸೇರಿರುತ್ತವೆ. ಈ ಪಟ್ಟಿಯನ್ನು ಮೂರು ಅಂಕಿಗೆ ಸರಿಯಾಗಿ ಇಳಿಸಲು ಆಗುವುದಿಲ್ಲ. ಹಾಗಾಗಿ ವಿಂಡೋಸ್ ಡ್ರೈವ್ ಮೇಲಿನ ಫೈಲಿಗೆ 'ಎಲ್‌ಎಸ್ -ಎಲ್' ತೋರಿಸುವ ಅಂಕಿಯನ್ನು ಪೂರ್ತಿ ನಂಬಬೇಡಿ.

ಸುಡೊ ಯಾಕೆ ನೆರವಾಗುವುದಿಲ್ಲ ಎಂಬುದೂ ಇಲ್ಲೇ ತಿಳಿಯುತ್ತದೆ. ವಾಕಡ್‌ನ ಹೌಸಿಂಗ್ ಸೊಸೈಟಿಯಲ್ಲಿ ಗೇಟಿನ ವಾಚ್‌ಮನ್ ನಿಮ್ಮನ್ನು ಒಳಗೆ ಬಿಡಬಹುದು, ಆದರೆ ಫ್ಲಾಟಿನ ಬೀಗದ ಕೈ ಅವರ ಹತ್ತಿರ ಇರುವುದಿಲ್ಲ. ಡಬ್ಲ್ಯುಎಸ್‌ಎಲ್ ಒಳಗಿನ ಸುಡೊ ನಿಮ್ಮನ್ನು ಲಿನಕ್ಸ್‌ನ ರೂಟ್ (ಎಲ್ಲ ಹಕ್ಕಿರುವ ಬಳಕೆದಾರ) ಮಾಡುತ್ತದೆ. ವಿಂಡೋಸ್ ಕಣ್ಣಿಗೆ ನೀವು ಅದೇ ಹಳೆಯ ಬಳಕೆದಾರ. /ಎಂಎನ್‌ಟಿ/ಸಿ ಒಳಗಿನ ಫೈಲಿಗೆ ವಿಂಡೋಸ್ ಬೇಡ ಎಂದಿದ್ದರೆ, ಎಷ್ಟು ಸುಡೊ ಹಾಕಿದರೂ ಅದು ಬೇಡವೇ.

ಹೆಜ್ಜೆ 4: ಡಬ್ಲ್ಯುಎಸ್‌ಎಲ್ ಆದರೆ

ಹೆಚ್ಚು ಜನ ಸಿಕ್ಕಿಕೊಳ್ಳುವ ಜಾಗ ಇದು, ಸ್ವಲ್ಪ ನಿಧಾನವಾಗಿ ನೋಡೋಣ.

/ಎಂಎನ್‌ಟಿ/ಸಿ ಒಳಗೆ ಎಲ್ಲ ಫೈಲ್‌ಗಳೂ 777 ಎಂದು ಕಾಣುತ್ತಿವೆಯೇ? ಸಿಎಚ್‌ಮಾಡ್ ಕೊಟ್ಟರೆ ಎರರ್ ಇಲ್ಲ, ಆದರೆ ಏನೂ ಬದಲಾಗುತ್ತಲೂ ಇಲ್ಲವೇ? ಅದು ಅಲ್ಲಿನ ಮೂಲ ಸ್ಥಿತಿ. ಯುನಿಕ್ಸ್ ಅನುಮತಿಯನ್ನು ಬರೆದಿಡಲು ಜಾಗ ಕೊಟ್ಟಿಲ್ಲ, ಅಷ್ಟೇ. ಬರೆಯುವ ಅನುಮತಿಯನ್ನು ಎಲ್ಲರಿಂದಲೂ ತೆಗೆದರೆ ಮಾತ್ರ ವಿಂಡೋಸ್‌ನ 'ರೀಡ್ ಓನ್ಲಿ' ಗುರುತು ಬೀಳುತ್ತದೆ.

ಜಾಗ ಕೊಡಲು ಲಿನಕ್ಸ್ ಒಳಗೆ /ಇಟಿಸಿ/ಡಬ್ಲ್ಯುಎಸ್‌ಎಲ್.ಕಾನ್ಫ್ ಫೈಲ್‌ನಲ್ಲಿ ಈ ಎರಡು ಸಾಲು ಬರೆಯಿರಿ:

[ಆಟೋಮೌಂಟ್]
ಆಪ್ಷನ್ಸ್ = "ಮೆಟಾಡೇಟಾ,ಯುಮಾಸ್ಕ್=22,ಎಫ್‌ಮಾಸ್ಕ್=11"

ಆಮೇಲೆ ತೆರೆದಿರುವ ಕೆಲಸ ಸೇವ್ ಮಾಡಿ, ಪವರ್‌ಶೆಲ್‌ನಲ್ಲಿ 'ಡಬ್ಲ್ಯುಎಸ್‌ಎಲ್ --ಶಟ್‌ಡೌನ್' ಕೊಡಿ. ಸುಮ್ನೆ ಕಿಟಕಿ ಮುಚ್ಚಿ ತೆರೆದರೆ ಸಾಲದು. ಮತ್ತೆ ಶುರು ಮಾಡಿದಾಗ ಫೈಲ್‌ಗಳು 744, ಫೋಲ್ಡರ್‌ಗಳು 755 ಆಗಿ ಕಾಣುತ್ತವೆ. ಇನ್ನು ಮುಂದೆ ಸಿಎಚ್‌ಮಾಡ್ ಮಾಡಿದ್ದು ಉಳಿಯುತ್ತದೆ. ಆ ವಿವರ ಎನ್‌ಟಿಎಫ್‌ಎಸ್ ಫೈಲ್‌ನ ಜೊತೆಗೇ ಹೆಚ್ಚುವರಿ ಗುರುತಾಗಿ ಸೇರುತ್ತದೆ. ವಿಂಡೋಸ್‌ನ ಅನುಮತಿ ಪಟ್ಟಿ ಮಾತ್ರ ಇದರಿಂದ ಬದಲಾಗುವುದಿಲ್ಲ.

ಇಷ್ಟೆಲ್ಲ ಹೇಳಿದರೂ, ಲಿನಕ್ಸ್‌ಗಾಗಿ ಬರೆಯುವ ಪ್ರಾಜೆಕ್ಟನ್ನು /ಎಂಎನ್‌ಟಿ/ಸಿ ಒಳಗೆ ಇಡಲೇಬೇಡಿ ಎಂಬುದೇ ನನ್ನ ಸಲಹೆ. ಲಿನಕ್ಸ್‌ನ ನಿಮ್ಮ ಹೋಮ್ ಫೋಲ್ಡರ್‌ನಲ್ಲಿಡಿ. ಅನುಮತಿಗಳು ಸರಿಯಾಗಿರುತ್ತವೆ, ಡಬ್ಲ್ಯುಎಸ್‌ಎಲ್ 2ರಲ್ಲಿ ವೇಗವೂ ಜಾಸ್ತಿ. ವಿಂಡೋಸ್‌ನಿಂದ ನೋಡಬೇಕಾದರೆ ಎಕ್ಸ್‌ಪ್ಲೋರರ್‌ನಲ್ಲಿ \\ಡಬ್ಲ್ಯುಎಸ್‌ಎಲ್.ಲೋಕಲ್‌ಹೋಸ್ಟ್ ಎಂದು ಬರೆದರೆ ಸಿಗುತ್ತದೆ.

ಹೋಮ್ ಫೋಲ್ಡರ್‌ನಲ್ಲಿದ್ದೂ ಎಡಿಟರ್‌ನಲ್ಲಿ ಸೇವ್ ಆಗುತ್ತಿಲ್ಲವೇ? 'ಎಲ್‌ಎಸ್ -ಎಲ್' ಕೊಟ್ಟು ಒಡೆಯನ ಹೆಸರು ನೋಡಿ. ಯಾವಾಗಲೋ ಸುಡೊ ಹಾಕಿ ಗಿಟ್ ಕ್ಲೋನ್ ಅಥವಾ ಎನ್‌ಪಿಎಂ ಓಡಿಸಿದ್ದರೆ ಒಡೆಯ 'ರೂಟ್' ಆಗಿರುತ್ತಾನೆ. ಆ ಪ್ರಾಜೆಕ್ಟ್ ಫೋಲ್ಡರ್ ಮೇಲೆ ಮಾತ್ರ 'ಸುಡೊ ಸಿಎಚ್‌ಓನ್ -ಆರ್' ಕೊಟ್ಟು ನಿಮ್ಮ ಹೆಸರಿಗೆ ಮಾಡಿಕೊಳ್ಳಿ. ಇಲ್ಲಿ ಆರ್ ದೊಡ್ಡಕ್ಷರ. ಎಂಟರ್ ಒತ್ತುವ ಮೊದಲು 'ಪಿಡಬ್ಲ್ಯುಡಿ' ಕೊಟ್ಟು ಎಲ್ಲಿದ್ದೀರಿ ಎಂದು ನೋಡಿ.

ಸರ್ವರ್‌ಗೆ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಕೀ ವಿಷಯ ಬೇರೆಯೇ ಹೇಳಬೇಕು. ಕ್ಲೌಡ್ ಸರ್ವರ್‌ನ ಕೀ ಫೈಲ್ ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿ ಇರುತ್ತದೆ. ಡಬ್ಲ್ಯುಎಸ್‌ಎಲ್‌ನಿಂದ ಅಲ್ಲಿಂದಲೇ ಬಳಸಿದರೆ ಎಸ್‌ಎಸ್‌ಎಚ್ ಅದರ ಅನುಮತಿ 0777 ಎಂದು ನೋಡಿ, ತೀರಾ ಸಡಿಲ ಎಂದು ಕೀಯನ್ನೇ ಬಿಟ್ಟುಬಿಡುತ್ತದೆ. ಕೊನೆಯ ಸಾಲಿನಲ್ಲಿ ಕಾಣುವುದು 'ಪರ್ಮಿಷನ್ ಡಿನೈಡ್, ಪಬ್ಲಿಕ್‌ಕೀ'. ಎಲ್ಲರೂ ಆ ಕೊನೆಯ ಸಾಲನ್ನೇ ಓದಿ ಸರ್ವರ್ ಕಡೆ ಬೆರಳು ತೋರಿಸುತ್ತಾರೆ. ಮೇಲಿನ ಸಾಲುಗಳನ್ನು ಓದಿ. ಪರಿಹಾರ ಸುಲಭ: ಕೀಯನ್ನು ಲಿನಕ್ಸ್ ಹೋಮ್‌ನ .ಎಸ್‌ಎಸ್‌ಎಚ್ ಫೋಲ್ಡರ್‌ಗೆ ಕಾಪಿ ಮಾಡಿ. ಫೋಲ್ಡರ್‌ಗೆ 700, ಕೀಗೆ 600 ಕೊಡಿ. ವಿಂಡೋಸ್‌ನ ಸ್ವಂತ ಎಸ್‌ಎಸ್‌ಎಚ್ ಬಳಸುತ್ತಿದ್ದರೆ ಈ 600 ಅಲ್ಲಿ ಲೆಕ್ಕಕ್ಕಿಲ್ಲ. ಅಲ್ಲಿ 'ಐಕ್ಯಾಕಲ್ಸ್ ಕೀಫೈಲ್ /ಇನ್‌ಹೆರಿಟೆನ್ಸ್:ಆರ್' ಕೊಟ್ಟು ಇಳಿದು ಬಂದ ಅನುಮತಿ ತೆಗೆಯಿರಿ. ಆಮೇಲೆ 'ಐಕ್ಯಾಕಲ್ಸ್ ಕೀಫೈಲ್ /ಗ್ರಾಂಟ್:ಆರ್ ನಿಮ್ಮಹೆಸರು:ಆರ್' ಕೊಟ್ಟು ನಿಮಗೊಬ್ಬರಿಗೇ ಓದುವ ಅನುಮತಿ ಕೊಡಿ. ಈ ಕೊನೆಯ ಆರ್ ದೊಡ್ಡಕ್ಷರ.

ಹೆಜ್ಜೆ 5: ಗಿಟ್ ಬ್ಯಾಶ್, ಸಿಗ್‌ವಿನ್ ಆದರೆ

ಗಿಟ್ ಬ್ಯಾಶ್‌ನಲ್ಲಿ 'ಸಿಎಚ್‌ಮಾಡ್ +ಎಕ್ಸ್' ಉಳಿಯುವುದಿಲ್ಲ. ಒಂದು ಫೈಲ್ ಓಡಿಸುವಂಥದ್ದೋ ಅಲ್ಲವೋ ಎಂಬುದನ್ನು ಅದು ಫೈಲಿನ ಮೊದಲ ಸಾಲು ಅಥವಾ ಬಾಲದ ಇಎಕ್ಸ್‌ಇ ನೋಡಿ ಊಹಿಸುತ್ತದೆ. ಹಾಗಾಗಿ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಓಡಿದ ಸ್ಕ್ರಿಪ್ಟ್ ಸರ್ವರ್ ಮೇಲೆ 'ಡಿನೈಡ್' ಎನ್ನುತ್ತದೆ. ಅನುಮತಿಯನ್ನು ನೇರವಾಗಿ ಗಿಟ್‌ಗೇ ಹೇಳಿ: 'ಗಿಟ್ ಅಪ್‌ಡೇಟ್-ಇಂಡೆಕ್ಸ್ --ಸಿಎಚ್‌ಮಾಡ್=+ಎಕ್ಸ್ ಫೈಲ್‌ಹೆಸರು'. ನಂತರ ಕಮಿಟ್ ಮಾಡಿ. ಏನೂ ಮುಟ್ಟದೆ ನೂರಾರು ಫೈಲ್ ಬದಲಾಗಿವೆ ಎಂದು ಗಿಟ್ ತೋರಿಸಿ, 'ಗಿಟ್ ಡಿಫ್'ನಲ್ಲಿ 100644ರಿಂದ 100755 ಎಂದಷ್ಟೇ ಇದ್ದರೆ, ಆ ರೆಪೊದಲ್ಲಿ (ಗಿಟ್ ನೋಡಿಕೊಳ್ಳುವ ಪ್ರಾಜೆಕ್ಟ್ ಫೋಲ್ಡರ್) 'ಕೋರ್.ಫೈಲ್‌ಮೋಡ್' ಅನ್ನು 'ಫಾಲ್ಸ್' ಮಾಡಿ.

ಸರ್ವರ್ ಮೇಲೆ 'ಬ್ಯಾಡ್ ಇಂಟರ್‌ಪ್ರಿಟರ್' ಬಂದು ಪಕ್ಕದಲ್ಲಿ ^ಎಂ ಗುರುತು ಕಂಡರೆ ಅದು ಅನುಮತಿಯ ಮಾತೇ ಅಲ್ಲ. ವಿಂಡೋಸ್ ಸಾಲಿನ ಕೊನೆಗೆ ಸೇರಿಸುವ ಹೆಚ್ಚುವರಿ ಅಕ್ಷರ ಅದು. 'ಡಾಸ್2ಯುನಿಕ್ಸ್' ಓಡಿಸಿ. ಮತ್ತೆ ಬರದಿರಲು .ಗಿಟ್‌ಆ್ಯಟ್ರಿಬ್ಯೂಟ್ಸ್ ಫೈಲ್‌ನಲ್ಲಿ ಶೆಲ್ ಸ್ಕ್ರಿಪ್ಟ್‌ಗಳಿಗೆ 'ಟೆಕ್ಸ್ಟ್ ಇಒಎಲ್=ಎಲ್‌ಎಫ್' ಎಂದು ಬರೆಯಿರಿ.

ಸಿಗ್‌ವಿನ್ ಮುಟ್ಟಿದ ಫೋಲ್ಡರ್‌ನ ಸೆಕ್ಯುರಿಟಿ ಟ್ಯಾಬ್ ತೆರೆದರೆ 'ಅನುಮತಿಗಳ ಕ್ರಮ ಸರಿ ಇಲ್ಲ' ಎಂದು ವಿಂಡೋಸ್ ಹೇಳುವುದುಂಟು. ಸಿಗ್‌ವಿನ್ ಯುನಿಕ್ಸ್ ಲೆಕ್ಕವನ್ನು ವಿಂಡೋಸ್ ಪಟ್ಟಿಯಲ್ಲೇ ಬರೆಯುತ್ತದೆ, ಅದಕ್ಕೆ ಹೀಗೆ. /ಇಟಿಸಿ/ಎಫ್‌ಎಸ್‌ಟ್ಯಾಬ್‌ನಲ್ಲಿ ಸಿಗ್‌ಡ್ರೈವ್ ಸಾಲಿಗೆ 'ನೋಎಸಿಎಲ್' ಸೇರಿಸಿದರೆ ಆ ಬರವಣಿಗೆ ನಿಲ್ಲುತ್ತದೆ.

ಹೆಜ್ಜೆ 6: ವಿಂಡೋಸ್ ಬೇಡ ಎಂದಿದ್ದರೆ

ಮೊದಲು ಫೈಲ್ ಬೇರೆಲ್ಲೋ ತೆರೆದಿದೆಯಾ ನೋಡಿ. ಎಕ್ಸೆಲ್‌ನಲ್ಲಿ ತೆರೆದಿಟ್ಟ ಫೈಲಿಗೆ ಸ್ಕ್ರಿಪ್ಟ್ ಬರೆಯಲು ಹೋದರೆ ಪೈಥಾನ್ ಕೊಡುವುದು ಅದೇ 13ನೇ ಎರರ್. ರಿಸೋರ್ಸ್ ಮಾನಿಟರ್‌ನ ಸಿಪಿಯು ಟ್ಯಾಬ್‌ನಲ್ಲಿ ಫೈಲಿನ ಹೆಸರು ಹುಡುಕಿದರೆ ಯಾವ ಪ್ರೋಗ್ರಾಂ ಹಿಡಿದಿದೆ ಎಂದು ತಿಳಿಯುತ್ತದೆ.

ತೆರೆದಿಲ್ಲ ಎಂದಾದರೆ 'ಐಕ್ಯಾಕಲ್ಸ್ ಫೈಲ್‌ಹೆಸರು' ಕೊಡಿ. ಎಫ್ ಎಂದರೆ ಪೂರ್ತಿ ಹಕ್ಕು, ಎಂ ಎಂದರೆ ಬದಲಿಸಬಹುದು, ಆರ್‌ಎಕ್ಸ್ ಎಂದರೆ ಓದಿ ಓಡಿಸಬಹುದು. ಆವರಣದೊಳಗೆ ಐ ಇದ್ದರೆ ಅದು ಮೇಲಿನ ಫೋಲ್ಡರ್‌ನಿಂದ ಬಂದದ್ದು. ನಿಮ್ಮ ಹೆಸರು ಇಲ್ಲದಿದ್ದರೂ ನೀವಿರುವ ಗುಂಪು ಇರಬಹುದು, 'ಹೂಆ್ಯಮ್‌ಐ /ಗ್ರೂಪ್ಸ್' ಕೊಟ್ಟು ಹೊಂದಿಸಿ ನೋಡಿ. ನೇರವಾಗಿ ಹಾಕಿದ 'ಡಿನೈ' ಸಾಲು ಒಂದಿದ್ದರೆ ಅದು ಉಳಿದವನ್ನೆಲ್ಲ ಮೀರುತ್ತದೆ.

ಒಂದೇ ಡ್ರೈವ್ ಒಳಗೆ ಫೈಲನ್ನು ಕಟ್ ಮಾಡಿ ಪೇಸ್ಟ್ ಮಾಡಿದರೆ ಹಳೆಯ ಅನುಮತಿಯೇ ಜೊತೆಗೆ ಬರುತ್ತದೆ. ಕಾಪಿ ಮಾಡಿದರೆ ಹೊಸ ಫೋಲ್ಡರ್‌ನ ಅನುಮತಿ ಸಿಗುತ್ತದೆ. ಶೇರ್ಡ್ ಫೋಲ್ಡರ್‌ನಲ್ಲಿ ಒಂದೇ ಒಂದು ಫೈಲ್ ಮಾತ್ರ ಯಾರಿಗೂ ತೆರೆಯುತ್ತಿಲ್ಲ ಎಂದರೆ ಕಾರಣ ಹೆಚ್ಚಾಗಿ ಇದೇ. 'ಐಕ್ಯಾಕಲ್ಸ್ ಫೈಲ್‌ಹೆಸರು /ರೀಸೆಟ್' ಕೊಟ್ಟರೆ ಸರಿಹೋಗುತ್ತದೆ. ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್‌ನಲ್ಲಿ ಮಾತ್ರ ಬರೆಯಲು ಆಗುತ್ತಿಲ್ಲ ಎಂದರೆ ವಿಂಡೋಸ್ ಸೆಕ್ಯುರಿಟಿಯ 'ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್' ಆನ್ ಆಗಿದೆಯೇ ನೋಡಿ.

'ಟೇಕ್‌ಓನ್' ಎಂಬ ಕಮಾಂಡ್ ಒಡೆತನವನ್ನೇ ಕಿತ್ತುಕೊಳ್ಳುತ್ತದೆ. ವಿಂಡೋಸ್ ಫೋಲ್ಡರ್, ಪ್ರೋಗ್ರಾಂ ಫೈಲ್ಸ್ ಮೇಲೆ ಅದನ್ನು ಯಾವತ್ತೂ ಬಳಸಬೇಡಿ. ಆಫೀಸ್ ಲ್ಯಾಪ್‌ಟಾಪ್ ಆದರೆ ಐಕ್ಯಾಕಲ್ಸ್ ಕೊಟ್ಟ ಉತ್ತರವನ್ನೂ ಹೂಆ್ಯಮ್‌ಐ ಉತ್ತರವನ್ನೂ ಐಟಿ ವಿಭಾಗಕ್ಕೆ ಕಳಿಸಿ. ಬರೀ ಸ್ಕ್ರೀನ್‌ಶಾಟ್ ಕಳಿಸುವುದಕ್ಕಿಂತ ಇದರಿಂದ ಬೇಗ ಕೆಲಸ ಆಗುತ್ತದೆ.

ಹೆಜ್ಜೆ 7: ಲಿನಕ್ಸ್ ಸರ್ವರ್ ಮೇಲೆ

ವಿಂಡೋಸ್‌ನಿಂದ ಬಂದವರಿಗೆ ಇಲ್ಲಿ ಒಂದು ವ್ಯತ್ಯಾಸ ತಿಳಿದಿರಲೇಬೇಕು. ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಕೊನೆಯ ಫೈಲಿಗೆ ಅನುಮತಿ ಇದ್ದರೆ ಸಾಕು, ದಾರಿಯ ಫೋಲ್ಡರ್‌ಗಳ ತಪಾಸಣೆ ಬಿಟ್ಟುಹೋಗುತ್ತದೆ. ಲಿನಕ್ಸ್‌ನಲ್ಲಿ ಹಾಗಲ್ಲ. ರೂಟ್‌ನಿಂದ ಫೈಲ್‌ವರೆಗೆ ಪ್ರತಿ ಫೋಲ್ಡರ್‌ನಲ್ಲೂ ಎಕ್ಸ್ ಅನುಮತಿ ಬೇಕು. ಫೈಲ್ 644 ಇದ್ದರೂ ನಡುವಿನ ಒಂದು ಫೋಲ್ಡರ್ ಮುಚ್ಚಿದ್ದರೆ ಮುಗಿಯಿತು. ಉಬುಂಟು 21.04ರಿಂದ ಹೊಸ ಬಳಕೆದಾರರ ಹೋಮ್ ಫೋಲ್ಡರ್ 750 ಆಗಿರುತ್ತದೆ. ಅದರೊಳಗಿಟ್ಟ ವೆಬ್ ಪುಟವನ್ನು ವೆಬ್ ಸರ್ವರ್ ಓದಲಾರದೆ ನಿಲ್ಲುವುದು ಇದರಿಂದಲೇ.

ಒಂದೊಂದೇ ಫೋಲ್ಡರ್ ತೆರೆದು ನೋಡುವ ಕಷ್ಟ ಬೇಡ. 'ನೇಮ್‌ಐ -ಎಲ್ ಪೂರ್ತಿಪಾತ್' ಕೊಡಿ. ದಾರಿಯ ಪ್ರತಿ ಮೆಟ್ಟಿಲಿನ ಅನುಮತಿ, ಒಡೆಯ, ಗುಂಪು ಕೆಳಗೆ ಕೆಳಗೆ ಬರುತ್ತದೆ. ಎಲ್ಲಿ ಎಕ್ಸ್ ಇಲ್ಲವೋ ಅಲ್ಲೇ ತಡೆ. ಈ ಲೇಖನದಿಂದ ಒಂದೇ ಕಮಾಂಡ್ ಬರೆದಿಟ್ಟುಕೊಳ್ಳುವುದಾದರೆ ಇದನ್ನು ಬರೆದಿಟ್ಟುಕೊಳ್ಳಿ.

ವಿಂಡೋಸ್ ಶೇರ್ ಒಂದನ್ನು ಲಿನಕ್ಸ್‌ನಲ್ಲಿ ಮೌಂಟ್ ಮಾಡಿದ್ದರೆ (ಫೋಲ್ಡರ್‌ನಂತೆ ಜೋಡಿಸಿದ್ದರೆ), ಅಲ್ಲಿ ಕಾಣುವ ಒಡೆಯ ಮತ್ತು ಅಂಕಿಗಳು ಹೆಚ್ಚಾಗಿ ಮೌಂಟ್ ಮಾಡುವಾಗ ಕೊಟ್ಟವು. 'ಯುಐಡಿ', 'ಜಿಐಡಿ', 'ಫೈಲ್_ಮೋಡ್', 'ಡಿಐಆರ್_ಮೋಡ್' ಬದಲಿಸಿ ಮತ್ತೆ ಮೌಂಟ್ ಮಾಡಿ. ಎಕ್ಸ್‌ಫ್ಯಾಟ್ ಪೆನ್ ಡ್ರೈವ್‌ನಲ್ಲೂ ಸಿಎಚ್‌ಮಾಡ್ ನಡೆಯದು, ಅದರಲ್ಲಿ ಯುನಿಕ್ಸ್ ಅನುಮತಿ ಬರೆಯುವ ವ್ಯವಸ್ಥೆಯೇ ಇಲ್ಲ. ಅಂಥ ಕಡೆಗೆ ಟಾರ್ ಫೈಲ್ ಬಿಡಿಸುವಾಗ ಒಡೆತನ ಬದಲಿಸಲಾಗಲಿಲ್ಲ ಎಂದು ಎರರ್ ಬಂದರೆ '--ನೋ-ಸೇಮ್-ಓನರ್' ಸೇರಿಸಿ.

ಈಗಾಗಲೇ 777 ಹೊಡೆದಿದ್ದರೆ

ಪ್ರಾಜೆಕ್ಟ್ ಫೋಲ್ಡರ್ ಒಳಗೆ ಮಾತ್ರ ಆಗಿದ್ದರೆ ಸರಿಪಡಿಸಬಹುದು. ಆ ಫೋಲ್ಡರ್ ಒಳಗೆ ಹೋಗಿ ಮೊದಲು ಫೋಲ್ಡರ್‌ಗಳಿಗೆ, ಆಮೇಲೆ ಫೈಲ್‌ಗಳಿಗೆ ಬೇರೆ ಬೇರೆಯಾಗಿ ಕೊಡಿ:

ಫೈಂಡ್ . -ಟೈಪ್ ಡಿ -ಎಕ್ಸೆಕ್ ಸಿಎಚ್‌ಮಾಡ್ 755 {} +
ಫೈಂಡ್ . -ಟೈಪ್ ಎಫ್ -ಎಕ್ಸೆಕ್ ಸಿಎಚ್‌ಮಾಡ್ 644 {} +

ಇದರಿಂದ ಓಡಿಸುವ ಸ್ಕ್ರಿಪ್ಟ್‌ಗಳ ಎಕ್ಸ್ ಅನುಮತಿಯೂ ಹೋಗುತ್ತದೆ. ಬೇಕಾದವಕ್ಕೆ ಮಾತ್ರ 'ಸಿಎಚ್‌ಮಾಡ್ +ಎಕ್ಸ್' ಮತ್ತೆ ಕೊಡಿ. ಗಿಟ್ ರೆಪೊ ಆಗಿದ್ದು ಕೋರ್.ಫೈಲ್‌ಮೋಡ್ ಆನ್ ಇದ್ದರೆ 'ಗಿಟ್ ಡಿಫ್' ಯಾವ ಫೈಲ್‌ಗಳವು ಎಂದು ತೋರಿಸುತ್ತದೆ. ಪಾಸ್‌ವರ್ಡ್, ಕೀ ಇರುವ ಫೈಲ್‌ಗಳಿಗೆ 600 ಕೊಡಿ. ಅವು 777 ಆಗಿದ್ದ ಹೊತ್ತಿನಲ್ಲಿ ಸರ್ವರ್ ಮೇಲೆ ಬೇರೆಯವರ ಲಾಗಿನ್ ಇದ್ದಿದ್ದರೆ ಆ ಪಾಸ್‌ವರ್ಡ್, ಕೀಗಳನ್ನು ಬದಲಿಸಿ.